ಕಾಲರಿನೊಳಗಿನ ನಲವತ್ತೇಳು

ಸೆಪ್ಟೆಂಬರ್ 2
ಮಧ್ಯಾಹ್ನ, ಸ್ಟಡಿ ಅವರ್

ಅಕ್ಕಾ,

ಪತ್ರ ಬರೆಯುತ್ತಿರುವುದಕ್ಕೇ ಮೊದಲು ಸಾರಿ ಕೇಳುತ್ತೇನೆ. ನಿನಗೆ ಇದನ್ನೆಲ್ಲ ಓದುವಷ್ಟು ಪುರುಸೊತ್ತಿಲ್ಲ ಅಂತ ಗೊತ್ತು. ಆದರೆ ನಾನು ಹದಿನಾಲ್ಕು ಸಲ ಫೋನ್ ಮಾಡಿದೆ. ಮೂರು ಸಲ ನೀನು ಕಟ್ ಮಾಡಿದೆ, ಆಮೇಲೆ ರಿಂಗ್ ಕೂಡ ಆಗುತ್ತಿಲ್ಲ. ಬ್ಲಾಕ್ ಮಾಡಿದ್ದೀಯ ಅಂತ ಕಾಣುತ್ತದೆ. ಅಂಚೆ ಲಕೋಟೆಯನ್ನು ಬ್ಲಾಕ್ ಮಾಡುವುದಕ್ಕೆ ಆಗುವುದಿಲ್ಲವಲ್ಲ, ಅದಕ್ಕೇ ಇದು.

ನನಗೆ ಪತ್ರ ಬರೆಯಲು ಸರಿಯಾಗಿ ಬರುವುದೂ ಇಲ್ಲ. ಹಾಸ್ಟೆಲ್ ಶಾಲೆಯಲ್ಲಿ ಹನ್ನೊಂದು ವರ್ಷ, ಪ್ರತಿ ಭಾನುವಾರ ಮ್ಯಾಟ್ರನ್ ಬೋರ್ಡಿನ ಮೇಲೆ ಬರೆದದ್ದನ್ನೇ ಎಲ್ಲರೂ ಕಾಪಿ ಮಾಡುತ್ತಿದ್ದೆವು. 'ನಾನು ಇಲ್ಲಿ ಆರೋಗ್ಯವಾಗಿದ್ದೇನೆ, ಓದಿನ ಕಡೆ ಗಮನ ಕೊಡುತ್ತಿದ್ದೇನೆ.' ಈಗ ಕಾಲೇಜಿಗೆ ಬಂದು ಎರಡು ತಿಂಗಳಾಯಿತು. ಆದರೂ ಪೆನ್ ಹಿಡಿದ ಕೂಡಲೇ ಕಣ್ಣು ತಾನಾಗಿಯೇ ಗೋಡೆಯ ಕಡೆ ಹೋಗುತ್ತದೆ.

ಹೋದ ವಾರ ರಜೆಗೆ ಬಂದಾಗ ಅಜ್ಜಿಯ ಡೇ ಸೆಂಟರಿನಲ್ಲಿ ಅಷ್ಟು ಜನರ ಎದುರು ನಿನ್ನ ಮೇಲೆ ಹಾರಾಡಿದ್ದು ತಪ್ಪು. ಆದರೆ ಹೇಗಾಯಿತು ಅಂತ ಹೇಳುತ್ತೇನೆ, ಪೂರ್ತಿ ಕೇಳು.

ಮರೆವಿನ ಕಾಯಿಲೆಯವರನ್ನು ಬೆಳಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಹೋಗುವ ಆ ಜಾಗವನ್ನು ನಾನು ನೋಡಿದ್ದು ಅದೇ ಮೊದಲು. ಅರ್ಧ ವೃತ್ತದಲ್ಲಿ ಹಾಕಿದ ಕುರ್ಚಿಗಳು, ಗೋಡೆಯ ಕಪಾಟಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ, ಮುಚ್ಚಳದ ಮೇಲೆ ಅವರವರ ಫೋಟೋ. ಪೆಟ್ಟಿಗೆಗೆ ಹತ್ತೇ ಸಾಮಾನು, ಮುಚ್ಚಳ ಕೂರಬೇಕು. ಹಳೆಯ ಸಾಮಾನು ಕೈಗೆ ಸಿಕ್ಕರೆ ಬಾಯಿಗೆ ಮಾತು ಸಿಗುತ್ತದೆ ಅಂತ ಅಲ್ಲಿನ ಮೇಡಂ ವಿವರಿಸಿದರು, ನೀನು ಪೆಟ್ಟಿಗೆ ಮೇಡಂ ಅನ್ನುತ್ತೀಯಲ್ಲ, ಅವರು. ಅಜ್ಜಿಯ ಪಕ್ಕದ ಕುರ್ಚಿಯ ರೈಲ್ವೆ ಗಾರ್ಡ್ ತಾತ ತನ್ನ ಹಳೆಯ ಸೀಟಿ ಹಿಡಿದದ್ದೇ ತಡ, ಎದ್ದು ನಿಂತು ಬಾಗಿಲು ಹಾಕಿ ಅಂತ ನಮಗೆಲ್ಲ ಆರ್ಡರ್ ಮಾಡಿದರು. ಅದನ್ನು ನೋಡಿ ನನಗೆ ತುಂಬಾ ಹೋಪ್ ಬಂತು.

ಆಮೇಲೆ ಅಜ್ಜಿಯ ಪೆಟ್ಟಿಗೆ ತೆರೆದರು. ಹೊಲಿಯುವಾಗ ಬೆರಳಿಗೆ ಹಾಕುವ ಹಿತ್ತಾಳೆ ಟೊಪ್ಪಿ, ಅಳತೆ ಟೇಪು, ಸವೆದ ಚಾಕ್ ಪೀಸು, ಒಂದು ಖಾಲಿ ಬಾಬಿನ್. ಸರಿ, ಟೈಲರ್ ಅಜ್ಜಿಗೆ ಟೈಲರ್ ಸಾಮಾನು. ಆಮೇಲೆ? ನಿನ್ನ ಜಡೆಯ ರಿಬ್ಬನ್. ನಿನ್ನ ಸ್ಲೇಟು. ನಿನ್ನ ಹಾಲುಹಲ್ಲಿನ ಡಬ್ಬಿ. ನೀನು ಕಾಜಾ ಹೊಲಿಯಲು ಕಲಿತ ತುಂಡು ಬಟ್ಟೆ. ಮಷಿನ್ನಿನ ಮುಂದೆ ನೀನೂ ಅವಳೂ ಕೂತ ಫೋಟೋ. ಕೊನೆಗೆ ಆ ಹಳದಿ ಫ್ರಾಕ್, ಹದಿಮೂರನೇ ವಯಸ್ಸಿನಲ್ಲಿ ನೀನು ಮೊದಲು ಹೊಲಿದದ್ದು. ಅಜ್ಜಿ ಅದನ್ನು ಮಡಿಲಲ್ಲಿ ಹರವಿ, "ದೊಡ್ಡೋಳ ಕೈಕೆಲಸ. ಒಂದು ತೋಳು ಮಗೂಗೆ, ಇನ್ನೊಂದು ತೋಳು ಅವರಪ್ಪಂಗೆ" ಅಂದಳು. ಎಲ್ಲರೂ ನಕ್ಕರು. ನೀನೂ ನಕ್ಕೆ. ನನ್ನ ಮುಖ ಮಾತ್ರ ಸ್ಟಕ್ ಆಗಿತ್ತು. ನನ್ನ ಜೊತೆ ಅವಳು ಒಂದು ಜೋಕ್ ಮಾಡಿ ಎರಡು ವರ್ಷವಾಯಿತು.

ಹತ್ತರಲ್ಲಿ ಆರು ನಿನ್ನವು. ನನ್ನದು ಸೊನ್ನೆ. ಅದಕ್ಕೇ ಬಾಯಿಗೆ ಬಂದದ್ದು: "ಇದು ಅಜ್ಜಿಯ ಪೆಟ್ಟಿಗೆಯಾ, ನಿನ್ನ ಬರ್ತ್‌ಡೇ ಆಲ್ಬಮ್ಮಾ?" ನೀನೂ ಬಿಡಲಿಲ್ಲ. "ವರ್ಷಕ್ಕೆ ಎರಡು ಸಲ ಬರೋಳು ನೀನು. ಇಡೋದಕ್ಕೆ ಏನು ತಂದಿದೀಯ, ಹೇಳು." ಆ ಮಾತು ಬಸ್ಸಿನುದ್ದಕ್ಕೂ ನನ್ನ ಪಕ್ಕದಲ್ಲೇ ಕೂತಿತ್ತು.

ನಿಜ ಹೇಳಬೇಕೆಂದರೆ ಅಜ್ಜಿಗೂ ನನಗೂ ನಡುವೆ ನೆನಪು ಅಂತ ಇರುವುದೇ ಕಡಿಮೆ. ಹಾಸ್ಟೆಲಿನಿಂದ ರಜೆಗೆ ಬಂದಾಗಲೆಲ್ಲ ಬಾಗಿಲಲ್ಲೇ ನಿಲ್ಲಿಸಿ, ಕಾಲರ್ ತಿರುಗಿಸಿ, ಒಳಗೆ ಹೊಲಿದಿದ್ದ ಹಾಸ್ಟೆಲ್ ನಂಬರ್ ಕಿತ್ತುಹೋಗಿದೆಯಾ ಅಂತ ನೋಡುತ್ತಿದ್ದಳು. ಲಾಂಡ್ರಿಯವರೂ ಹಾಗೆಯೇ ನೋಡುತ್ತಿದ್ದರು. ಆಮೇಲೆ "ಕೈಕಾಲು ತೊಳ್ಕೋ ಹೋಗು" ಅಂತ ಹೇಳಿ ಮಷಿನ್ನಿಗೆ ವಾಪಸ್. ನನ್ನ ಫ್ರೆಂಡ್ಸ್‌ನ ಅಜ್ಜಿಯರು ಅಪ್ಪಿಕೊಳ್ಳುತ್ತಿದ್ದರಂತೆ. ಈ ಸಲವೂ ಅದೇ ಅಭ್ಯಾಸದಲ್ಲಿ ಕಾಲರ್ ತಿರುಗಿಸಿ ಒಳಗೆ ಬೆರಳಾಡಿಸಿದಳು, ಆಮೇಲೆ ನನ್ನ ಮುಖ ನೋಡಿ ಮರ್ಯಾದೆಯಿಂದ ಕೇಳಿದಳು: "ಫಿಟ್ಟಿಂಗ್‌ಗೆ ಬಂದೋಳಾಮ್ಮಾ?"

ಅವತ್ತು ಪೆಟ್ಟಿಗೆ ಮುಚ್ಚುವ ಮುಂಚೆ ನನ್ನ ಕ್ವಿಜ್ ಮೆಡಲನ್ನು ಡಬ್ಬಿ ಸಮೇತ ಒಳಗೆ ಇಟ್ಟು ಬಂದಿದ್ದೇನೆ. ದಯವಿಟ್ಟು ತೆಗೆಯಬೇಡ. ಅವಳ ಕೈಗೆ ಕೊಟ್ಟಾಗ ಏನಂದಳು ಅಂತ ಹೇಳು.

ನಿನ್ನ ತಂಗಿ
ಕಡ್ಡಿ
(ನೀನು ಇಟ್ಟ ಹೆಸರೇ. ಈಗ ಮೆಸ್ ಊಟದಲ್ಲಿ ಸ್ವಲ್ಪ ಉಬ್ಬಿದ್ದೇನೆ.)


ಸೆಪ್ಟೆಂಬರ್ 14

ಕಡ್ಡಿ,

ಬ್ಲಾಕ್ ಮಾಡಿದ್ದು ಹೌದು. ಕನ್ನಡಕದ ಅಂಗಡಿಯಲ್ಲಿ ನಾನು ಗಾಜು ಅರೆಯುವಾಗ ಜೇಬಿನಲ್ಲಿ ಫೋನ್ ನಡುಗಿದರೆ ನನ್ನ ಕೈ ನಡುಗುತ್ತದೆ. ನನ್ನ ಕೈ ನಡುಗಿದರೆ ಯಾರಿಗೋ ವರ್ಷವಿಡೀ ತಲೆನೋವು.

ಮೆಡಲ್ ಕೊಟ್ಟರು. ಅಜ್ಜಿ ಹಿಂದೆ ಮುಂದೆ ತಿರುಗಿಸಿ, "ಯಾರದಮ್ಮ ಇದು, ಪಾಪ ಹುಡುಕ್ತಾ ಇರ್ತಾರೆ" ಅಂತ ಮೇಡಂಗೇ ವಾಪಸ್ ಕೊಟ್ಟಳು. ಮರುದಿನ ಮೇಜಿನ ಮೇಲೆ ಪೇಪರ್ ಹರವಿ, ಕತ್ತರಿಸುವ ಬಟ್ಟೆ ಸರಿಯದ ಹಾಗೆ ಭಾರ ಇಡುತ್ತಾಳಲ್ಲ, ಹಾಗೆ ಅದನ್ನು ಮೂಲೆಗೆ ಇಟ್ಟಳು. ಈಗ ದಿನಾ "ನನ್ನ ಕಲ್ಲೆಲ್ಲಿ" ಅಂತ ಕೇಳುತ್ತಾಳೆ. ಸಂತೋಷಪಡು, ನಿನ್ನದೂ ಒಂದು ಸಾಮಾನು ಕೆಲಸಕ್ಕೆ ಬಂತು.

ಕೋಪ ಮಾಡಿಕೊಳ್ಳುವ ಮುಂಚೆ ಯೋಚನೆ ಮಾಡು. ಆ ಮೆಡಲನ್ನು ಅವಳು ಯಾವತ್ತು ನೋಡಿದ್ದಳು? ನಿನಗೆ ಕೊಟ್ಟಾಗ ಅವಳು ಅಲ್ಲಿರಲಿಲ್ಲ. ನೀನೂ ತಂದು ತೋರಿಸಲಿಲ್ಲ. ನಿನ್ನ ಬೋರ್ಡ್ ಪತ್ರಗಳನ್ನು ಅವಳಿಗೆ ಓದಿ ಹೇಳುತ್ತಿದ್ದವಳು ನಾನು. ಪ್ರತಿ ವಾರ ಅದೇ ಆರೋಗ್ಯ, ಅದೇ ಗಮನ. "ಈ ಮಗೂಗೆ ಬೇರೇನೂ ಆಗೋದೇ ಇಲ್ವಾ" ಅಂತ ಕೇಳುತ್ತಿದ್ದಳು. ಪೆಟ್ಟಿಗೆಯಲ್ಲಿ ಇಡಬೇಕಾದದ್ದು ಅವಳ ನೆನಪು, ನಿನ್ನದಲ್ಲ.

ಇನ್ನೊಂದು ವಿಷಯ. ಹಳದಿ ಫ್ರಾಕ್ ಕಾಣೆಯಾಗಿದೆ. ನೀನು ಹೋದ ಮೇಲೆ ಸೋಮವಾರ ನೋಡಿದರೆ ಇಲ್ಲ. ಕಪಾಟು ಒರೆಸುವ ಆಯಾಮ್ಮನನ್ನು ಕೇಳಿದೆ. ಕೇಳಿದ ರೀತಿ ಚೆನ್ನಾಗಿರಲಿಲ್ಲ, "ಮೊಮ್ಮಗೂಗೆ ಅಂತ ತಗೊಂಡು ಹೋದ್ರಾ" ಅಂದುಬಿಟ್ಟೆ. ಅವರು ಅತ್ತರು. ಅವತ್ತಿನಿಂದ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಆ ದಿನ ಪೆಟ್ಟಿಗೆ ಮುಚ್ಚಿದವಳು ನೀನು. ಮುಚ್ಚುವಾಗ ಅದು ಒಳಗೆ ಇತ್ತಾ?

ದೊಡ್ಡೋಳು


ಸೆಪ್ಟೆಂಬರ್ 19
(ಇದನ್ನು ಕಳಿಸಲಿಲ್ಲ)

ಅಕ್ಕಾ,

ಇರಲಿಲ್ಲ. ನನ್ನ ಬ್ಯಾಗಿನಲ್ಲಿತ್ತು.

ಮೆಡಲ್ ಡಬ್ಬಿ ಇಟ್ಟ ಮೇಲೆ ಮುಚ್ಚಳ ಕೂರಲಿಲ್ಲ. ಏನಾದರೂ ಒಂದು ತೆಗೆಯಲೇಬೇಕಿತ್ತು. ಚಾಕ್ ಪೀಸು ತೆಗೆಯಬಹುದಿತ್ತು, ಬಾಬಿನ್ ತೆಗೆಯಬಹುದಿತ್ತು. ಕೈ ನೇರವಾಗಿ ಫ್ರಾಕಿಗೇ ಹೋಯಿತು. ಕಪಾಟಿನ ಮೇಲೆ ಇಡುತ್ತೇನೆ ಅಂತಲೇ ತೆಗೆದದ್ದು, ಪ್ರಾಮಿಸ್. ಆದರೆ ಬಸ್ಸಿನಲ್ಲಿ ಟಿಕೆಟ್‌ಗೆ ಅಂತ ಬ್ಯಾಗ್ ತೆರೆದರೆ ಹಳದಿ ತೋಳು ಹೊರಗೆ ಬಂತು, ಉದ್ದದ್ದು.

ಈಗ ದಿಂಬಿನ ಕವರಿನೊಳಗೆ ಇದೆ. ಮಷಿನ್ ಎಣ್ಣೆಯ ವಾಸನೆ. ರೂಮ್‌ಮೇಟ್ ನೋಡಿ "ಯಾರ ಮಗೂದು" ಅಂದಳು. ನಮ್ಮಕ್ಕಂದು ಅನ್ನುವುದಕ್ಕೆ ನಾಲಿಗೆ ಬರಲಿಲ್ಲ, ನಂದೇ ಅಂದೆ.

ಬೇಸಿಕಲಿ ನಾನು ಅದನ್ನು ತೆಗೆದದ್ದು ಪ್ರೀತಿಯಿಂದ ಅಲ್ಲ. ಅದು ಇಲ್ಲದಿದ್ದರೆ ಅವಳು ದೊಡ್ಡೋಳು ದೊಡ್ಡೋಳು ಅನ್ನುವುದನ್ನು ಒಂದು ದಿನವಾದರೂ ನಿಲ್ಲಿಸುತ್ತಾಳಾ ಅಂತ ನೋಡಬೇಕಿತ್ತು. ಆ ಒಂದು ದಿನ ಖಾಲಿ ಜಾಗದಲ್ಲಿ ನಾನು


ಸೆಪ್ಟೆಂಬರ್ 19

ಅಕ್ಕಾ,

ಮುಚ್ಚುವಾಗ ಇತ್ತು ಅನಿಸುತ್ತೆ. ಶೂರ್ ಇಲ್ಲ. ಆಯಾಮ್ಮನಿಗೆ ಏನೂ ಅನ್ನಬೇಡ, ಅವರು ತೆಗೆದಿರುವುದಿಲ್ಲ. ಅಷ್ಟಕ್ಕೂ ಒಂದು ಫ್ರಾಕ್ ಹೋದರೆ ಏನಾಯಿತು, ಅದನ್ನು ಹೊಲಿದವಳು ದಿನಾ ಅವಳ ಎದುರಿಗೇ ಇರುತ್ತಾಳಲ್ಲ. ನನಗೆ ಆ ಸೌಲಭ್ಯ ಇಲ್ಲ.

ನಾಳೆ ಕೆಮಿಸ್ಟ್ರಿ ಇಂಟರ್ನಲ್ಸ್. ಇನ್ನೂ ಅರ್ಧ ಪುಸ್ತಕ ಓದುವುದಿದೆ.

ಕಡ್ಡಿ


ಅಕ್ಟೋಬರ್ 7

ಕಡ್ಡಿ,

ಆ ಫ್ರಾಕ್ ಹೋದರೆ ಏನಾಯಿತು ಅಂತ ಕೇಳಿದ್ದೆಯಲ್ಲ. ಹೇಳುತ್ತೇನೆ.

ದಿನಾ ಸಂಜೆ ಐದೂಕಾಲಿಗೆ, ನಾನು ಬರುವ ಹತ್ತು ನಿಮಿಷ ಮೊದಲು, ಮೇಡಂ ಆ ಫ್ರಾಕನ್ನು ಅಜ್ಜಿಯ ಕೈಗೆ ಕೊಡುತ್ತಿದ್ದರು. ಇದನ್ನು ಹೊಲಿದವರು ಯಾರು ಅಂತ ಕೇಳುತ್ತಿದ್ದರು. ದೊಡ್ಡೋಳು ಅನ್ನುತ್ತಿದ್ದಳು. ಅವಳೀಗ ಬರ್ತಾಳೆ, ದೊಡ್ಡೋಳಾಗಿ ಬೆಳೆದಿದಾಳೆ ಅನ್ನುತ್ತಿದ್ದರು. ಆಗ ನಾನು ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಿದ್ದೆ. ಅದು ನನ್ನ ಹೆಮ್ಮೆಗೆ ಇಟ್ಟ ಸಾಮಾನಲ್ಲ. ಅವಳು ನನ್ನ ಜೊತೆ ಮನೆಗೆ ಬರುತ್ತಿದ್ದದ್ದೇ ಅದರಿಂದ.

ಒಂದು ತಿಂಗಳು ಹಾಗೂ ಹೀಗೂ ನಡೆಯಿತು. ಮೊನ್ನೆ ಗುರುವಾರ ಕೈ ಹಿಡಿಯಲು ಹೋದರೆ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ನೀವ್ಯಾರು? ನಾನು ಗುರ್ತಿಲ್ಲದೋರ ಜೊತೆ ಹೋಗಲ್ಲ. ನನ್ನ ಮೊಮ್ಮಗಳು ಬರ್ತಾಳೆ."

ನಾನೇ ಅಜ್ಜಿ ಅಂದೆ.

"ಅವಳು ನನ್ನ ಸೊಂಟದವರೆಗೂ ಬರಲ್ಲ. ನಿಮಗೆ ನಾಚಿಕೆಯಾಗಲ್ವಾ, ವಯಸ್ಸಾದೋಳಿಗೆ ಸುಳ್ಳು ಹೇಳೋಕೆ?"

ಫೋಟೋ ತೋರಿಸಿದೆ, ರಿಬ್ಬನ್ ತೋರಿಸಿದೆ. ಎಲ್ಲಿಂದ ಕದ್ದೆ ಅಂತ ಕೇಳಿದಳು. ಒಂದು ಗಂಟೆ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದೆ. ಕೊನೆಗೆ ನಾನು ಕಳ್ಳಿ ಅಂದಿದ್ದೆನಲ್ಲ, ಆ ಆಯಾಮ್ಮನೇ ಹೋಗಿ, ಮಷಿನ್ ರಿಪೇರಿಯೋರು ಬಂದಿದಾರೆ, ಮನೆಗೆ ಬಂದು ನೋಡ್ತಾರಂತೆ ಅಂತ ಹೇಳಿ ಅವಳನ್ನು ಎಬ್ಬಿಸಿಕೊಂಡು ಬಂದರು. ಮನೆಯವರೆಗೂ ಎರಡು ಹೆಜ್ಜೆ ಹಿಂದೆ ನಡೆದೆ. ಒಳಗೆ ಹೋದ ಮೇಲೆ ಮಷಿನ್ ತೋರಿಸಿ, ದಾರ ಕಡೀತಾ ಇದೆ ನೋಡಿ ಅಂದಳು. ನೋಡಿದೆ.

ನೀನು ಆಸೆಪಟ್ಟದ್ದು ಇದೇ ಆದರೆ, ಈಗ ನಾವಿಬ್ಬರೂ ಸಮ. ಫಿಟ್ಟಿಂಗ್‌ಗೆ ಬಂದವಳು ನೀನು, ರಿಪೇರಿಗೆ ಬಂದವಳು ನಾನು.

ಅಕ್ಕ


ಅಕ್ಟೋಬರ್ 11

ಅಕ್ಕಾ,

ಈ ಪಾರ್ಸಲಿನಲ್ಲಿ ನಿನ್ನ ಫ್ರಾಕ್ ಇದೆ. ಜೊತೆಗೆ ಸೆಪ್ಟೆಂಬರಿನಲ್ಲಿ ಬರೆದು ಕಳಿಸದೇ ಇಟ್ಟುಕೊಂಡ ಪತ್ರ. ಅದರಲ್ಲಿ ಎಲ್ಲಾ ಇದೆ, ಇನ್ನೊಮ್ಮೆ ಬರೆಯುವ ಧೈರ್ಯ ನನಗಿಲ್ಲ. ಆಯಾಮ್ಮನಿಗೆ ಬೇರೆ ಚೀಟಿ ಇಟ್ಟಿದ್ದೇನೆ, ಅದನ್ನು ನೀನು ಓದಬೇಡ. ಕದ್ದವಳು ನಾನು ಅಂತ ಸೆಂಟರಿನಲ್ಲಿ ಎಲ್ಲರಿಗೂ ಹೇಳು, ಗಾರ್ಡ್ ತಾತನಿಗೂ.

ಒಂದು ವಿಷಯ ಮಾತ್ರ ಹೇಳಲೇಬೇಕು, ಇಲ್ಲದಿದ್ದರೆ ಇದೂ ಬೋರ್ಡ್ ಪತ್ರವಾಗುತ್ತದೆ. ಅವಳು ನಿನ್ನನ್ನು ಯಾರು ಅಂತ ಕೇಳಿದಳು ಅಂತ ಓದಿದಾಗ ಮೊದಲ ಅರ್ಧ ನಿಮಿಷ ನನಗೆ ಖುಷಿಯಾಯಿತು. ಅರ್ಧ ನಿಮಿಷ ಪೂರ್ತಿ. ಆಮೇಲೆ ನೀನು ಎರಡು ಹೆಜ್ಜೆ ಹಿಂದೆ ನಡೆದ ಸಾಲು ಬಂತು. ಲ್ಯಾಬ್ ಕೋಟ್ ಹಾಕಿಕೊಂಡೇ ಓಡಿಹೋಗಿ ಅಂಚೆ ಕಚೇರಿಯ ಕ್ಯೂನಲ್ಲಿ ನಿಂತೆ.

ನೀನು ಕ್ಷಮಿಸದಿದ್ದರೂ ಪರವಾಗಿಲ್ಲ. ಅದು ಕೈಗೆ ಸಿಕ್ಕಮೇಲೆ ಅವಳು ನಿನ್ನನ್ನು ಗುರುತು ಹಿಡಿದಳಾ ಅಂತ ಒಂದು ಸಾಲು ಬರೆ.

ಕಡ್ಡಿ


ನವೆಂಬರ್ 3

ಕಡ್ಡಿ,

ಮೂರು ವಾರ ನಿನಗೆ ಉತ್ತರ ಬರೆಯಬಾರದು ಅಂತಲೇ ಇದ್ದೆ. ಮೊದಲ ವಾರ ಕೋಪ. ಉಳಿದ ಎರಡು ವಾರದ್ದು ಬೇರೆ ಕಾರಣ, ಮುಂದೆ ಹೇಳುತ್ತೇನೆ.

ಫ್ರಾಕ್ ತಲುಪಿತು. ಸೋಮವಾರ ಮೇಡಂ ಐದೂಕಾಲಿಗೆ ಅದನ್ನು ಅಜ್ಜಿಯ ಕೈಗೆ ಕೊಟ್ಟರು. ನಾನು ಬಾಗಿಲಾಚೆ ನಿಂತಿದ್ದೆ. ಒಳಗೆ ಹೋದೆ. ಅಜ್ಜಿ ಉದ್ದ ತೋಳು ಎತ್ತಿ ಹಿಡಿದು ನನ್ನ ಕಡೆ ನೋಡಿದಳು. "ಬಿಚ್ಚು ಇದನ್ನ. ಮತ್ತೆ ಹೊಲಿ. ದೊಡ್ಡೋಳೇ, ನಿಂಗೇ ಹೇಳ್ತಿರೋದು." ಬೈಸಿಕೊಂಡು ಇಷ್ಟು ಸುಖವಾಗಿದ್ದು ಇದೇ ಮೊದಲು. ಆಯಾಮ್ಮ ನಿನ್ನ ಚೀಟಿಯನ್ನು ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡರು. ಏನು ಬರೆದಿದ್ದೆಯೋ, ಈಗ ನನ್ನ ಜೊತೆ ಮಾತಾಡುತ್ತಾರೆ.

ನೀನು ಕದ್ದದ್ದು ಒಂದು. ನಾನು ಅದಕ್ಕೂ ಮುಂಚೆ ಕದ್ದಿದ್ದೆ.

ನಿನ್ನ ಹಾಸ್ಟೆಲ್ ನಂಬರ್ ಪಟ್ಟಿ ನೆನಪಿದೆಯಾ? ಬಿಳಿ ಪಟ್ಟಿಯ ಮೇಲೆ ಕೆಂಪು ದಾರದಲ್ಲಿ ಸಾಲಾಗಿ ನಲವತ್ತೇಳು, ನಲವತ್ತೇಳು. ಪ್ರತಿ ವರ್ಷ ಶಾಲೆ ಶುರುವಾಗುವ ಮುಂಚೆ ಎರಡು ವಾರ ಗಿರಾಕಿಗಳ ಬಟ್ಟೆ ಪಕ್ಕಕ್ಕಿಟ್ಟು ಅದನ್ನೇ ಹೊಲಿಯುತ್ತಿದ್ದಳು. ಅಂಗಿ, ಲಂಗ, ಟವೆಲ್, ಒಂದೊಂದು ಕಾಲುಚೀಲಕ್ಕೂ. ಯಾರಾದರೂ ರವಿಕೆ ಕೇಳಲು ಬಂದರೆ, ಚಿಕ್ಕೋಳ ಟ್ರಂಕ್ ತುಂಬೋವರೆಗೂ ಬರಬೇಡಿ ಅನ್ನುತ್ತಿದ್ದಳು.

ಜುಲೈನಲ್ಲಿ, ನೀನು ಕಾಲೇಜಿಗೆ ಹೋದ ವಾರವೇ, ಮೇಡಂ ಮನೆಯಿಂದ ಸಾಮಾನು ತನ್ನಿ ಅಂದರು. ನಾನು ಮೊದಲು ಇಟ್ಟದ್ದು ಉಳಿದಿದ್ದ ಆ ಪಟ್ಟಿಯ ಸುರುಳಿಯನ್ನೇ. ಅವಳ ಕೈಗೆ ಅದು ಸಿಕ್ಕಿತು ನೋಡು, ಮತ್ತೆ ಬೇರೆ ಯಾವುದನ್ನೂ ಮುಟ್ಟಲಿಲ್ಲ. ಫ್ರಾಕ್ ಕೊಟ್ಟರೆ ಸರಿಸಿದಳು. ಫೋಟೋ ಕೊಟ್ಟರೆ ಸರಿಸಿದಳು. "ಕಾಲುಚೀಲ ಇನ್ನೂ ಬಾಕಿ ಇದೆ, ಚಿಕ್ಕೋಳು ಹೊರಡೋ ಹೊತ್ತಾಯ್ತು" ಅಂತ ಒಂದೇ ಸಮ. ಸೆಂಟರಿನ ಟವೆಲಿಗೆ ಹೊಲಿದಳು, ಗಾರ್ಡ್ ತಾತನ ಟೋಪಿಗೂ ಹೊಲಿದಳು. ಸಂಜೆ ನಾನು ಹೋದರೆ ಮುಖ ಎತ್ತದೆ, "ನೀನು ಮಷಿನ್ ತುಳಿ" ಅಂದಳು.

ಒಂದು ವಾರ ನೋಡಿದೆ. ಆಮೇಲೆ ಸೂಜಿ ಅಪಾಯ ಅಂತ ಹೇಳಿ ಸುರುಳಿಯನ್ನು ಮನೆಗೆ ತಂದು ಕಪಾಟಿನ ಮೇಲಿಟ್ಟೆ. ಸೂಜಿ ಅಪಾಯ ಅನ್ನುವುದು ಸುಳ್ಳಲ್ಲ. ಅದಕ್ಕೇ ತಂದೆ ಅನ್ನುವುದು ಸುಳ್ಳು. ಅವತ್ತು ಬರ್ತ್‌ಡೇ ಆಲ್ಬಮ್ಮಾ ಅಂತ ನೀನು ಕೂಗಿದಾಗ ನನಗೆ ಅಷ್ಟು ಕೋಪ ಬಂದದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಇನ್ನೂ ಒಂದು, ಇದನ್ನು ಬಿಟ್ಟರೆ ಮತ್ತೆ ಬರೆಯಲಾರೆ. ಅಮ್ಮ ತೀರಿಕೊಂಡ ವರ್ಷ ಅಜ್ಜಿ ಆ ಹಾಸ್ಟೆಲಿಗೆ ಎರಡು ಅರ್ಜಿ ಹಾಕಿದ್ದಳು. ಎಂಟು ವರ್ಷ ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ ಅಂದರು. ನಿನಗೆ ಏಳು, ನನಗೆ ಹದಿಮೂರು. ನಿನ್ನನ್ನು ದೂರ ಕಳಿಸಿದರು ಅಂತ ನೀನು ಹನ್ನೊಂದು ವರ್ಷ ಮುಖ ಊದಿಸಿಕೊಂಡಿದ್ದೆ. ನನ್ನನ್ನು ಕಳಿಸಲಿಲ್ಲ ಅಂತ ನಾನು ಮಷಿನ್ ತುಳಿಯುತ್ತಾ ಊದಿಸಿಕೊಂಡಿದ್ದೆ. ಆ ಹಳದಿ ಫ್ರಾಕ್ ಯಾರಿಗೆ ಹೊಲಿದದ್ದು ಅಂದುಕೊಂಡೆ? ನಿನ್ನ ಟ್ರಂಕಿಗೆ. ತೋಳು ಸೊಟ್ಟ ಅಂತ ಅಜ್ಜಿ ಹಾಕಲಿಲ್ಲ.

ಹೋದ ಭಾನುವಾರ ಮಧ್ಯಾಹ್ನ ಸುರುಳಿಯನ್ನು ಇಳಿಸಿದೆ. ಮೊಂಡು ಸೂಜಿ, ಕೆಂಪು ದಾರ, ಫ್ರಾಕ್, ಎಲ್ಲವನ್ನೂ ಅವಳ ಮುಂದಿನ ಮೇಜಿನ ಮೇಲೆ ಇಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಒಂದು ನಂಬರ್ ಕತ್ತರಿಸಿದಳು. ಎರಡು ತುದಿ ಒಳಕ್ಕೆ ಮಡಿಸಿದಳು. ಫ್ರಾಕಿನ ಕಾಲರಿನೊಳಗೆ ಇಟ್ಟು ಹೊಲಿದಳು. ಸೂಜಿಗೆ ದಾರ ಪೋಣಿಸಲು ಮಾತ್ರ ನನ್ನನ್ನು ಕರೆದಳು. ಹೊಲಿಗೆ ಒಂದೊಂದೂ ಮಷಿನ್ ಹಾಕಿದಷ್ಟು ನೇರ. ಬೆಳಗ್ಗೆ ತನ್ನ ಚಪ್ಪಲಿ ಯಾವ ಕಾಲಿಗೆ ಅಂತ ಗೊತ್ತಾಗದ ಕೈ ಅದು.

ದಾರ ಕಚ್ಚಿ ತುಂಡು ಮಾಡಿದ ಮೇಲೆ ಎದ್ದು ನನ್ನ ಹತ್ತಿರ ಬಂದಳು. ನನ್ನ ಕಾಲರ್ ತಿರುಗಿಸಿದಳು.

ಹನ್ನೊಂದು ವರ್ಷ ಆ ಬಾಗಿಲಲ್ಲಿ ನಿನ್ನ ಕಾಲರ್ ತಿರುಗಿಸುವುದನ್ನು ನಾನು ಮಷಿನ್ನಿನ ಹಿಂದೆ ಕೂತು ನೋಡುತ್ತಿದ್ದೆ. ನೀನು ಅದನ್ನು ಲಾಂಡ್ರಿ ಅಂತ ಬರೆದೆ. ನೀನು ಬರುವ ದಿನ ಬೆಳಗಿನಿಂದ ಅವಳು ಬಾಗಿಲಿಗೂ ಮಷಿನ್ನಿಗೂ ಎಷ್ಟು ಸಲ ಓಡಾಡುತ್ತಿದ್ದಳು ಅಂತ ನಿನಗೆ ಗೊತ್ತಿಲ್ಲ. ನಂಬರ್ ಕಿತ್ತಿದ್ದರೆ ಮಗೂನ ಬಟ್ಟೆ ಬೇರೆಯವರ ಪಾಲಾಗುತ್ತೆ, ಚಳಿಯಲ್ಲಿ ನಡುಗುತ್ತೆ ಅಂತ ನನಗೆ ಹೇಳುತ್ತಿದ್ದಳು. ನನ್ನ ಕಾಲರನ್ನು ಯಾವತ್ತೂ ಯಾರೂ ತಿರುಗಿಸಿರಲಿಲ್ಲ.

ಒಳಗೆ ಬೆರಳಾಡಿಸಿದಳು. "ಇದರದ್ದೆಲ್ಲಿ?"

ನನಗೆ ನಂಬರಿಲ್ಲ ಅಜ್ಜಿ ಅಂದೆ.

"ಹಾಕ್ತೀನಿ. ನಿಲ್ಲು, ಅಲ್ಲಾಡಬೇಡ."

ಈಗ ನನ್ನ ಅಂಗಡಿ ಯೂನಿಫಾರ್ಮಿನ ಕಾಲರಿನೊಳಗೆ ನಲವತ್ತೇಳು ಇದೆ. ಗಾಜು ಅರೆಯುವಾಗ ತಲೆ ಬಗ್ಗಿಸಿದರೆ ಕುತ್ತಿಗೆಗೆ ತಾಗುತ್ತದೆ. ನಿನ್ನದು ಅದು, ಬಿಚ್ಚಿ ಕಳಿಸಬೇಕು ಅಂದುಕೊಂಡೆ. ಎರಡು ವಾರ ಬರೆಯದೇ ಇದ್ದದ್ದು ಈ ಸುರುಳಿಯಿಂದಲೇ: ಮೊದಲು ಅದನ್ನು ಇಳಿಸಲು ಹೋಗಿ ಕೈ ಇಟ್ಟು ಇಟ್ಟು ವಾಪಸ್ ಬರುತ್ತಿದ್ದೆ, ಆಮೇಲೆ ಬಿಚ್ಚಲೋ ಬೇಡವೋ ಅಂತ. ಕಳಿಸುವುದಿಲ್ಲ. ಸುರುಳಿಯಲ್ಲಿ ಇನ್ನು ಆರು ಉಳಿದಿವೆ.

ನಿನ್ನ ಅಕ್ಕ


ನವೆಂಬರ್ 8

ಅಕ್ಕಾ,

ನಿನ್ನ ಪತ್ರವನ್ನು ಕಾರಿಡಾರಿನಲ್ಲಿ ನಿಂತು ಮೂರು ಸಲ ಓದಿದೆ. ಮೂರು ಸಲವೂ ಒಂದೇ ಜಾಗದಲ್ಲಿ ಹೊಟ್ಟೆ ಉರಿಯಿತು. ನನ್ನ ನಂಬರ್. ಅಜ್ಜಿ ನಿನಗೆ, ಫ್ರಾಕ್ ನಿನಗೆ, ಫೋಟೋ ನಿನಗೆ, ನನ್ನದು ಅಂತ ಪ್ರಪಂಚದಲ್ಲಿ ಇದ್ದದ್ದು ಒಂದು ಲಾಂಡ್ರಿ ನಂಬರ್, ಅದೂ ಈಗ ನಿನ್ನ ಕುತ್ತಿಗೆಗೆ ತಾಗುತ್ತಿದೆ. ಆಮೇಲೆ ನೀನು ಮಷಿನ್ನಿನ ಹಿಂದೆ ಕೂತು ನೋಡುತ್ತಿದ್ದದ್ದು ಕಣ್ಣಿಗೆ ಬಂತು. ನಾನು ಒಂದು ಸಲವೂ ಆ ಕಡೆ ತಿರುಗಿ ನೋಡಿರಲಿಲ್ಲ.

ನಿನ್ನದನ್ನು ನೀನೇ ಇಟ್ಟುಕೋ. (ಈ ಸಾಲು ಬರೆಯಲು ಇಪ್ಪತ್ತು ನಿಮಿಷ ಹಿಡಿಯಿತು.)

ಈಗ ನಾನು ಹೇಳಬೇಕಾದದ್ದು ಕೇಳು. ಜುಲೈನಲ್ಲಿ ಕಾಲೇಜಿಗೆ ಸೇರಿದ ಮೊದಲ ವಾರ, ಬಟ್ಟೆ ಒಣಹಾಕುವಾಗ ರೂಮ್‌ಮೇಟ್ ನನ್ನ ಟಾಪಿನ ಕಾಲರ್ ನೋಡಿ, ಯಾವ ಜೈಲಿಂದ ಬಿಟ್ಟರು ಅಂತ ಕೇಳಿದಳು. ಜೋಕೇ ಅದು. ಆದರೆ ನಾನು ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಬ್ಲೇಡಿನಲ್ಲಿ ಎಲ್ಲವನ್ನೂ ಕಿತ್ತೆ. ಟವೆಲಿನದ್ದು, ಕಾಲುಚೀಲದ್ದು, ಒಂದೂ ಬಿಡಲಿಲ್ಲ. ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದೆ. ಈಗ ಕಾಲರಿನಲ್ಲಿ ಉಳಿದಿರುವುದು ಸೂಜಿಯ ತೂತುಗಳು ಮಾತ್ರ.

ಆಗಸ್ಟಿನಲ್ಲಿ ನಾನು ಬಾಗಿಲಲ್ಲಿ ನಿಂತಾಗ ಅಜ್ಜಿ ನನ್ನ ಕಾಲರ್ ತಿರುಗಿಸಿದಳು ಅಂತ ನಿನಗೆ ಬರೆದಿದ್ದೆ. ಅಭ್ಯಾಸ ಅಂತ ಬರೆದೆ. ಅಕ್ಕಾ, ಅವಳು ಹುಡುಕಿದಳು. ಒಳಗೆ ಬೆರಳಾಡಿಸಿ ಹುಡುಕಿದಳು. ಅಲ್ಲಿ ಏನೂ ಇರಲಿಲ್ಲ. ಅದು ಸಿಗದ ಮೇಲೆ ತಾನೇ ಫಿಟ್ಟಿಂಗ್‌ಗೆ ಬಂದೋಳಾ ಅಂತ ಕೇಳಿದ್ದು?

ಅವಳು ನನ್ನನ್ನು ಮರೆತಳು ಅಂತ ಮೂರು ತಿಂಗಳು ನಿನ್ನ ಮೇಲೆ ಉರಿದುಕೊಂಡೆ. ಇರಬಹುದು, ಮರೆತೇ ಇರಬಹುದು, ನಂಬರ್ ಇದ್ದಿದ್ದರೂ ಗೊತ್ತಾಗುತ್ತಿರಲಿಲ್ಲವೋ ಏನೋ. ಆದರೆ ಆ ಒಂದು ಡೌಟ್ ಇಟ್ಟುಕೊಂಡು ನನಗೆ ಕ್ಲಾಸಿನಲ್ಲಿ ಕೂರಲು ಆಗುತ್ತಿಲ್ಲ.

ಇಪ್ಪತ್ತೆರಡನೇ ತಾರೀಖು ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಾನು ಬರುತ್ತೇನೆ ಅಂತ ಅವಳಿಗೆ ಮುಂಚೆಯೇ ಹೇಳಿಕೊಡಬೇಡ, ಪೆಟ್ಟಿಗೆ ಮೇಡಂಗೂ ಹೇಳಬೇಡ. ಬಾಗಿಲಲ್ಲಿ ಸುಮ್ಮನೆ ನಿಲ್ಲುತ್ತೇನೆ. ಅವಳು ಕಾಲರ್ ತಿರುಗಿಸಿದರೆ ಈ ಸಲ ಅದು ಖಾಲಿ ಇರಬಾರದು. ನನಗೆ ಹೊಲಿಯಲು ಬರುವುದಿಲ್ಲ, ನಿನಗೆ ಗೊತ್ತಲ್ಲ, ಹಾಸ್ಟೆಲಿನಲ್ಲಿ ಗುಂಡಿ ಹಾಕುವುದನ್ನೂ ಕಲಿಸಲಿಲ್ಲ. ಜೈಲು ಅಂದ ಅದೇ ರೂಮ್‌ಮೇಟ್ ಸೂಜಿ ಹಿಡಿಯಲು ಹೇಳಿಕೊಡುತ್ತಾಳಂತೆ. ಸೊಟ್ಟ ಆಗುತ್ತದೆ. ಆಗಲಿ. ಬಿಚ್ಚು, ಮತ್ತೆ ಹೊಲಿ ಅಂತ ಬೈದರೂ ನನಗೆ ಸಾಕು.

ಉಳಿದ ಆರರಲ್ಲಿ ಒಂದನ್ನು ಕತ್ತರಿಸಿ ಲಕೋಟೆಯೊಳಗೆ ಇಟ್ಟು ಕಳಿಸು. ಅಂಚೆ ನಾಲ್ಕು ದಿನ ತೆಗೆದುಕೊಳ್ಳುತ್ತದೆ, ಬೇಗ ಉತ್ತರ ಬರೆ.

ಚಿಕ್ಕೋಳು